ಸಹಾಯ ಬೇಕು: ಹಾರ್ಮೋನ್ ಸಿಗ್ನಲ್ ನಿಲ್ಲುವುದು ಹೇಗೆ?

ನಮಸ್ಕಾರ. ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಟ್ಯೂಷನ್ ಕೊಡುತ್ತೇನೆ.

ಅಡ್ರಿನಲಿನ್ ಹಾರ್ಮೋನ್ ಸಿಗ್ನಲ್ ಕೊಡಲು ಜೀವಕೋಶದ ಒಳಗೆ ಹೋಗಬೇಕಿಲ್ಲ, ಅಲ್ವಾ? ಪೊರೆಯ ಮೇಲಿನ, ಸಿಗ್ನಲ್ ಹಿಡಿಯುವ ಪ್ರೋಟೀನ್ ಆದ ರಿಸೆಪ್ಟರ್‌ಗೆ ಅಂಟುತ್ತದೆ. ಒಳಗೆ ಸಿಗ್ನಲ್ ಮುಂದೆ ದಾಟಿಸುವ ಜಿ ಪ್ರೋಟೀನ್ ಚುರುಕಾಗಿ, ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಒಯ್ಯುವ ಸಣ್ಣ ಅಣು ಜಾಸ್ತಿಯಾಗುತ್ತದೆ. ಅದರಿಂದ ಕೋಶದಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಒಡೆದು ಶಕ್ತಿ ಸಿಗುತ್ತದೆ. ಕಂಬಳದಲ್ಲಿ ಕೋಣ ಓಡಿಸುವವರ ಉದಾಹರಣೆ ಕೊಟ್ಟರೆ ಮಕ್ಕಳಿಗೆ ಇಷ್ಟು ಸಲೀಸು.

ಕಷ್ಟ ಇರುವುದು ಸಿಗ್ನಲ್ ನಿಲ್ಲಿಸುವ ಭಾಗದಲ್ಲಿ. ಹಾರ್ಮೋನ್ ಇನ್ನೂ ಇರುವಾಗಲೇ ರಿಸೆಪ್ಟರ್‌ಗೆ ಫಾಸ್ಫೇಟ್ ಸೇರುತ್ತದೆ. ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಜಿ ಪ್ರೋಟೀನನ್ನು ತಡೆಯುತ್ತದೆ. ಆಮೇಲೆ ಕೋಶ ಆ ರಿಸೆಪ್ಟರನ್ನೇ ಒಳಗೆಳೆದುಕೊಳ್ಳುತ್ತದೆ. ಕೆಲವು ವಾಪಸ್ ಪೊರೆಗೆ ಬರುತ್ತವೆ, ಕೆಲವು ಕೋಶದ ಕಸ ಕರಗಿಸುವ ಲೈಸೋಸೋಮ್‌ಗೆ ಹೋಗಿ ನಾಶವಾಗುತ್ತವೆ. ಯಾವುದಕ್ಕೆ ಯಾವ ದಾರಿ ಅಂತ ತೀರ್ಮಾನ ಆಗುವುದು ಹೇಗೆ? ಮಕ್ಕಳು ಬಿಡದೆ ಕೇಳುತ್ತಿದ್ದಾರೆ, ಸುಮ್ನೆ ಏನೋ ಹೇಳಲು ಮನಸ್ಸಿಲ್ಲ.

ಮಣಿಪಾಲ, ಮಂಗಳೂರು ಕಡೆ ಫಾರ್ಮಕಾಲಜಿ (ಔಷಧ ವಿಜ್ಞಾನ) ಓದಿದವರು ಇದ್ದರೆ ದಯವಿಟ್ಟು ಸರಳ ಕನ್ನಡದಲ್ಲಿ ತಿಳಿಸಿ. ಕೈಯಲ್ಲಿ ಬಿಡಿಸಿದ ಚಿತ್ರವಾದರೂ ನಡೆಯುತ್ತದೆ. ಶನಿವಾರದ ಕ್ಲಾಸಿಗೆ ಬೇಕು.