2000ದ ಕ್ಯಾಮರೋ ಝೀ28, 4ಎಲ್60ಇ: ದಿನಾ ಓಡಿಸೋ ಕಾರಿಗೆ ಎಷ್ಟು ಸ್ಟಾಲ್‌ನ ಕನ್ವರ್ಟರ್?

ಆಸ್ಟಿನ್‌ಕಾರುಬಾರು:

ಎಲ್ಲರಿಗೂ ನಮಸ್ಕಾರ. ಕಾರು 2000ದ ಕ್ಯಾಮರೋ ಝೀ28. ಎಲ್‌ಎಸ್1 ಎಂಜಿನ್, 4ಎಲ್60ಇ ಆಟೊಮ್ಯಾಟಿಕ್. ಕ್ಯಾಮ್ (ಎಂಜಿನ್ ವಾಲ್ವ್ ತೆರೆದು ಮುಚ್ಚೋ ಶಾಫ್ಟ್) ಕಂಪನಿಯದ್ದಕ್ಕಿಂತ ದೊಡ್ಡದು: 224/228, ಲೋಬ್ ಸೆಪರೇಶನ್ 112. ಲಾಂಗ್ ಟ್ಯೂಬ್ ಹೆಡರ್ ಹಾಕಿದೆ. ಹಿಂದಿನ ಆಕ್ಸಲ್‌ನ ಗೇರ್ ರೇಶಿಯೋ ಕಂಪನಿಯ 3.23, ಟೈರ್ 275/40 ಆರ್17. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಡಬ್ಬ) ಕೂಡ ಕಂಪನಿಯದ್ದೇ, ಇನ್ನೂ ಬದಲಾಯಿಸಿಲ್ಲ.

ತೊಂದರೆ ಇಷ್ಟು: ಡ್ರೈವ್‌ನಲ್ಲಿ ಬ್ರೇಕ್ ಹಿಡಿದು ನಿಂತರೆ ಎಂಜಿನ್ ಒದ್ದಾಡುತ್ತೆ, ಏಸಿ ಹಾಕಿದರೆ ಒಮ್ಮೊಮ್ಮೆ ಆಫ್ ಆಗೇಬಿಡುತ್ತೆ. ವಾರಕ್ಕೆ ಐದು ದಿನ ಐ-35 ಹೆದ್ದಾರಿಯ ಟ್ರಾಫಿಕ್‌ನಲ್ಲಿ ಆಫೀಸಿಗೆ ಹೋಗಿಬರೋ ಕಾರಿದು, ಡ್ರ್ಯಾಗ್ ಸ್ಟ್ರಿಪ್‌ಗೆ ವರ್ಷಕ್ಕೆ ಒಂದೆರಡು ಸಲ ಅಷ್ಟೇ. ಒಬ್ಬರು 2800 ಆರ್‌ಪಿಎಂ ಸ್ಟಾಲ್ ಸಾಕು ಅಂತಾರೆ, ಇನ್ನೊಬ್ಬರು 3600ಕ್ಕಿಂತ ಕಮ್ಮಿ ಹಾಕಿದರೆ ಈ ಕ್ಯಾಮ್ ದಂಡ ಅಂತಾರೆ. 3600 ಹಾಕಿದರೆ ಸಿಗ್ನಲ್ ಬಿಟ್ಟಾಗಲೆಲ್ಲ ಎಂಜಿನ್ 3600ರ ತನಕ ಕಿರುಚಿದ ಮೇಲೇ ಕಾರು ಕದಲೋದಾ?

ಡೈನೊಶೀಟ್:

ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಇಲ್ಲ, ಹಾಗಾಗಲ್ಲ. 3600 ಸ್ಟಾಲ್ ಅನ್ನೋದು ನಿಂತಲ್ಲಿಂದ ಪೂರ್ತಿ ಥ್ರಾಟಲ್ ತುಳಿದರೆ ಆರ್‌ಪಿಎಂ ಎಲ್ಲಿಗೆ ಹಾರಿ ನಿಲ್ಲುತ್ತೆ ಅನ್ನೋ ಲೆಕ್ಕ. ಕಾಲು ಥ್ರಾಟಲ್‌ನಲ್ಲಿ ಎಂಜಿನ್ ಕೊಡೋ ಟಾರ್ಕೇ ಕಮ್ಮಿ, ಕಾರು ಅದಕ್ಕೆ ಎಷ್ಟೋ ಮುಂಚೆ ಹೊರಡುತ್ತೆ. ಆದರೆ ಹೊರಡೋವಾಗ ಕಂಪನಿ ಕನ್ವರ್ಟರ್‌ಗಿಂತ ಆರ್‌ಪಿಎಂ ಮೇಲೆ ಇರೋದು ನಿಜ. ಒಂದು ವಾರ ಕಿವಿಗೆ ವಿಚಿತ್ರ ಅನ್ನಿಸುತ್ತೆ.

ಡಬ್ಬದ ಮೇಲಿನ ನಂಬರ್ ನೋಡಿ ಕೊಳ್ಳಬೇಡಿ. ಕನ್ವರ್ಟರ್‌ಗೆ ತನ್ನದೇ ಅಂತ ಒಂದು ಸ್ಟಾಲ್ ಇರೋದಿಲ್ಲ, ಎಂಜಿನ್ ಎಷ್ಟು ಟಾರ್ಕ್ ಕೊಡುತ್ತೋ ಅದರ ವರ್ಗಮೂಲದ ಲೆಕ್ಕದಲ್ಲಿ ಅದು ಏರುತ್ತೆ, ಇಳಿಯುತ್ತೆ. 350 ಪೌಂಡ್-ಅಡಿಗೆ 2800 ಅಂತ ಕಟ್ಟಿದ್ದನ್ನು ಆ ಆರ್‌ಪಿಎಂನಲ್ಲಿ 300 ಮಾತ್ರ ಕೊಡೋ ಎಂಜಿನ್‌ಗೆ ಹಾಕಿದರೆ 2600ರ ಆಸುಪಾಸಲ್ಲೇ ನಿಲ್ಲುತ್ತೆ. 400 ಕೊಡೋ ಎಂಜಿನ್‌ಗೆ ಹಾಕಿದರೆ ಅದೇ ಕನ್ವರ್ಟರ್ 3000 ಮುಟ್ಟುತ್ತೆ. ದೊಡ್ಡ ಕ್ಯಾಮ್ ಹಾಕಿದಾಗ ಕೆಳಗಿನ ಟಾರ್ಕ್ ಹೋಗಿ ಮೇಲೆ ಸೇರಿಕೊಂಡಿರುತ್ತೆ. ಹಾಗಾಗಿ "2800" ಅಂತ ತಂದದ್ದು ನಿಮ್ಮ ಕಾರಲ್ಲಿ 2800 ಕೊಡದೇ ಇದ್ದರೆ ಆಶ್ಚರ್ಯವಿಲ್ಲ.

ಇನ್ನು ನಿಮ್ಮ ಕಾರಿನ ಲೆಕ್ಕ. ಈ ಗೇರ್‌ಬಾಕ್ಸಿನ ರೇಶಿಯೋ 3.06, 1.63, 1.00, 0.70. ಒಂದು ಮತ್ತು ಎರಡರ ನಡುವಿನ ಹಳ್ಳವೇ ಇದರ ದೊಡ್ಡ ಕೊರತೆ. 6400ರಲ್ಲಿ ಶಿಫ್ಟ್ ಆದರೆ ಎರಡನೇ ಗೇರ್ ಲೆಕ್ಕಕ್ಕೆ ಆರ್‌ಪಿಎಂ 3400ಕ್ಕೆ ಬೀಳಬೇಕು. ಕನ್ವರ್ಟರ್ ಅದೇ ಆಸುಪಾಸಲ್ಲಿ ಸ್ಟಾಲ್ ಆಗೋ ಹಾಗಿದ್ದರೆ ಎಂಜಿನ್ ಅಷ್ಟು ಕೆಳಗೆ ಇಳಿಯೋದೇ ಇಲ್ಲ, ಕ್ಯಾಮ್ ಬದುಕಿರೋ ಜಾಗದಲ್ಲೇ ಉಳಿಯುತ್ತೆ. ಬರೀ ಸ್ಟ್ರಿಪ್ ಕಾರಾಗಿದ್ದರೆ 3600 ಅಂತ ಕಣ್ಣು ಮುಚ್ಚಿ ಹೇಳ್ತಿದ್ದೆ. ನಿಮ್ಮ ಬಳಕೆಗೆ 3200ರ ಸುತ್ತಮುತ್ತ, 9.5ರಿಂದ 10 ಇಂಚಿನ ಲಾಕಪ್ ಕನ್ವರ್ಟರ್ (ವೇಗ ಹಿಡಿದ ಮೇಲೆ ಜಾರಾಟ ನಿಲ್ಲಿಸಿ ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರ ಬೆಸೆಯೋ ಕ್ಲಚ್ ಒಳಗಿರೋದು) ನೋಡಿ. ಈಗಿರೋ ಕಂಪನಿಯದ್ದು ಹೆಚ್ಚೂಕಡಿಮೆ 12 ಇಂಚಿನದು, ಅದರ ಸ್ಟಾಲ್ ಕಮ್ಮಿ, ಸಿಗ್ನಲ್‌ನಲ್ಲಿ ಎಂಜಿನ್ ಒದ್ದಾಡೋದಕ್ಕೆ ಅದೇ ಕಾರಣ.

ಆರ್ಡರ್ ಮಾಡೋವಾಗ ಕ್ಯಾಮ್ ಕಾರ್ಡ್ (ಕ್ಯಾಮ್ ಅಳತೆಯ ಚೀಟಿ), ಕಾರಿನ ತೂಕ, ಹಿಂದಿನ ಗೇರ್, ಟೈರ್ ಎತ್ತರ, ಶಿಫ್ಟ್ ಆರ್‌ಪಿಎಂ ಕೊಡಿ, ಡೈನೊ ಶೀಟ್ (ಎಂಜಿನ್ ಟಾರ್ಕ್ ಅಳೆದ ವರದಿ) ಇದ್ದರೆ ಅದನ್ನೂ ಕಳಿಸಿ. ಇದ್ಯಾವುದನ್ನೂ ಕೇಳದೆ ಕ್ರೆಡಿಟ್ ಕಾರ್ಡ್ ನಂಬರ್ ಮಾತ್ರ ಕೇಳೋರ ಹತ್ತಿರ ತಗೋಬೇಡಿ.

ಎರಡನೇಗೇರ್:

3200 ಸರಿ, ಒಪ್ಪಿದೆ. ಆದರೆ ದಿನಾ ಓಡಿಸೋ ಕಾರು ಅಂದಮೇಲೆ ಸ್ಟಾಲ್‌ಗಿಂತ ಲಾಕಪ್ ಯಾವಾಗ ಹಿಡಿಯುತ್ತೆ ಅನ್ನೋದೇ ಮುಖ್ಯ, ಅದನ್ನು ಯಾರೂ ಹೇಳಲಿಲ್ಲ.

3.23 ಗೇರಲ್ಲಿ ನಿಮ್ಮ ಕಾರು 70 ಮೈಲಿ ವೇಗದಲ್ಲಿ, ನಾಲ್ಕನೇ ಗೇರ್ ಲಾಕ್ ಆಗಿದ್ದಾಗ 2070 ಆರ್‌ಪಿಎಂ. ಅದಕ್ಕೇನೂ ತಕರಾರಿಲ್ಲ. ಅದೇ ಲಾಕ್ 45 ಮೈಲಿಯಲ್ಲೇ ಹಿಡಿದರೆ ಎಂಜಿನ್ 1330ಕ್ಕೆ ಬೀಳುತ್ತೆ. ಈ ಕ್ಯಾಮ್‌ಗೆ 1330 ಅಂದರೆ ಕಾರು ಕುಂಟುತ್ತೆ, ಮೈಯೆಲ್ಲ ನಡುಗುತ್ತೆ, ಆಮೇಲೆ ಹೊಸ ಕನ್ವರ್ಟರೇ ಹಾಳು ಅಂತ ಬೈಯೋದು. ಟ್ಯೂನ್‌ನಲ್ಲಿ (ಕಾರಿನ ಕಂಪ್ಯೂಟರ್ ಸೆಟ್ಟಿಂಗ್‌ನಲ್ಲಿ) ಮೂರನೇ ಗೇರನ್ನು 40 ಮೈಲಿಗೆ ಲಾಕ್ ಮಾಡಿಸಿ, 1690 ಬರುತ್ತೆ, ಕಾರು ಹದವಾಗಿ ಓಡುತ್ತೆ. ನಾಲ್ಕನೇ ಗೇರನ್ನು 55ರ ತನಕ ತಡೆಯಿರಿ. ಲಾಕ್ ಹಿಡಿಯೋ ವೇಗಕ್ಕೂ ಬಿಡೋ ವೇಗಕ್ಕೂ ನಾಲ್ಕೈದು ಮೈಲಿ ಅಂತರ ಇಡಿ, ಇಲ್ಲದಿದ್ದರೆ ಟ್ರಾಫಿಕ್‌ನಲ್ಲಿ ಹಿಡಿದು ಬಿಟ್ಟು ಹಿಡಿದು ಬಿಟ್ಟು ತಲೆ ಕೆಡಿಸುತ್ತೆ. ಪೂರ್ತಿ ಥ್ರಾಟಲ್‌ನಲ್ಲಿ ಲಾಕ್ ಬಿಡಲೇಬೇಕು, ಒಂದೇ ಡಿಸ್ಕಿನ ಲಾಕಪ್ ಕ್ಲಚ್ ಅದನ್ನು ತಡೆಯಲ್ಲ.

ಗೇರ್‌ಬಾಕ್ಸ್ ಎಣ್ಣೆಗೆ ಬೇರೆ ಕೂಲರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಲಾಕ್ ಇಲ್ಲದಾಗಿನ ಜಾರಾಟವೆಲ್ಲ ಎಣ್ಣೆಯಲ್ಲಿ ಶಾಖವಾಗಿ ಕೂರುತ್ತೆ, ಟೆಕ್ಸಸ್ ಬೇಸಿಗೆಯಲ್ಲಿ ರೇಡಿಯೇಟರ್ ಒಳಗಿನ ಪುಟ್ಟ ಕೂಲರ್ ಅದಕ್ಕೆ ಎಲ್ಲಿ ಸಾಕಾಗುತ್ತೆ. ಪ್ಲೇಟ್ ಮಾದರಿಯ ದೊಡ್ಡ ಕೂಲರನ್ನು ರೇಡಿಯೇಟರ್ ಆದಮೇಲೆ ಕೂರಿಸಿ, ಅಲ್ಲಿಂದ ಗೇರ್‌ಬಾಕ್ಸಿಗೆ ವಾಪಸ್ ಲೈನ್. ಬೇರೆ ಮೀಟರ್ ಬೇಕಿಲ್ಲ: ಈ ಗೇರ್‌ಬಾಕ್ಸಿನ ಒಳಗಡೆ ಪ್ರೆಶರ್ ಸ್ವಿಚ್ ಜೊತೆಗೇ ಎಣ್ಣೆಯ ತಾಪಮಾನದ ಸೆನ್ಸರ್ ಇದೆ, ಸ್ಕ್ಯಾನ್ ಟೂಲ್‌ನಲ್ಲಿ ಓದಬಹುದು. 175ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಇದ್ದರೆ ಚಿಂತೆಯಿಲ್ಲ. 230 ದಾಟ್ತಾ ಇದ್ದರೆ ಪಕ್ಕಕ್ಕೆ ಹಾಕಿ, ಪಾರ್ಕ್‌ನಲ್ಲಿ ಎಂಜಿನ್ ಓಡಿಸಿಕೊಂಡು ತಣಿಸಿ. ಮೊದಲು ಸುಡೋದು ಮೂರು-ನಾಲ್ಕನೇ ಗೇರಿನ (3-4) ಕ್ಲಚ್ ಪ್ಯಾಕ್.

ದುಡ್ಡಿದ್ದರೆ 3.73 ಗೇರ್ ಕೂಡ ಒಟ್ಟಿಗೇ ಹಾಕಿಸಿ. 70 ಮೈಲಿಗೆ 2390 ಆಗುತ್ತೆ ಅಷ್ಟೇ, ಆದರೆ ಊರೊಳಗೆ ಅದೇ ಕನ್ವರ್ಟರ್ ಎಷ್ಟೋ ಬಿಗಿಯಾಗಿ ಅನ್ನಿಸುತ್ತೆ. ಒಂದು ಎಚ್ಚರಿಕೆ: ಈ ಕಾರಿನ 10-ಬೋಲ್ಟ್ ಹಿಂದಿನ ಆಕ್ಸಲ್ ತೀರಾ ನಾಜೂಕು. ಹೊಸ ಕನ್ವರ್ಟರ್ ಜೊತೆಗೆ ಅಂಟೋ ಟೈರ್ ಹಾಕಿ ಲಾಂಚ್ ಮಾಡಿದರೆ ಗೇರಿನ ಹಲ್ಲು ಉದುರುತ್ತೆ.

ಆಸ್ಟಿನ್‌ಕಾರುಬಾರು:

ಇಬ್ಬರಿಗೂ ಥ್ಯಾಂಕ್ಸ್. ಒಬ್ಬರ ಹತ್ತಿರ ಬಳಸಿದ 3600 ಅರ್ಧ ಬೆಲೆಗೆ ಇದೆ, ತಗೋಬಹುದಾ? ಇನ್ನೊಂದು, ಎಣ್ಣೆ ಬಿಸಿಯಾದ ಮೇಲೆ ಪಿ1870 ಕೋಡ್ ಬರುತ್ತೆ, ಶಿಫ್ಟ್ ಗುದ್ದಿದ ಹಾಗಾಗುತ್ತೆ. ಹೊಸ ಕನ್ವರ್ಟರ್ ಹಾಕಿದರೆ ಇದೂ ಹೋಗುತ್ತೆ ಅಲ್ವಾ?

ಗ್ರೀಸ್‌ಕೈ:

ಹೋಗಲ್ಲ ಗುರೂ. ಒಳ್ಳೇದಾಯ್ತು ಈಗಲೇ ಕೇಳಿದ್ದು.

ಪಿ1870 ಅಂದರೆ ಲಾಕ್ ಆಗಿರಬೇಕಾದಾಗ ಜಾರ್ತಿದೆ ಅಂತ ಕಂಪ್ಯೂಟರ್ ಹೇಳ್ತಿದೆ. ಈ ಗೇರ್‌ಬಾಕ್ಸಲ್ಲಿ ಬಹುಪಾಲು ಸಲ ತಪ್ಪು ಕನ್ವರ್ಟರ್‌ದಲ್ಲ, ವಾಲ್ವ್ ಬಾಡಿದು (ಗೇರ್‌ಬಾಕ್ಸಿನಲ್ಲಿ ಎಣ್ಣೆಯ ಪ್ರೆಶರ್ ಹಂಚೋ ಭಾಗ). ಲಾಕಪ್ಪನ್ನು ಒಮ್ಮೆಲೇ ಹಿಡಿಸದೆ ಸ್ವಲ್ಪ ಜಾರಿಸಿ ಜಾರಿಸಿ ಹಿಡಿಯೋ ಹಾಗೆ ಕಂಪನಿ ಮಾಡಿದೆ. ಆ ಕೆಲಸದ ಪುಟ್ಟ ವಾಲ್ವ್ ಬಿಡುವಿಲ್ಲದೆ ಆಡಿ ಆಡಿ ಸುತ್ತಲಿನ ಅಲ್ಯೂಮಿನಿಯಂ ತೂತನ್ನು ಸವೆಸುತ್ತೆ. ಎಣ್ಣೆ ಬಿಸಿಯಾಗಿ ತೆಳ್ಳಗಾದಾಗ ಪ್ರೆಶರ್ ಸಂದಿಯಲ್ಲಿ ಸೋರುತ್ತೆ, ತಣ್ಣಗಿದ್ದಾಗ ಸರಿ ಇರೋದೂ ಅದಕ್ಕೇ. ಕೋಡ್ ಬಂದ ತಕ್ಷಣ ಕಂಪ್ಯೂಟರ್ ಲೈನ್ ಪ್ರೆಶರ್ ಏರಿಸುತ್ತೆ, ಗುದ್ದೋದು ಅದರಿಂದ. ತೂತನ್ನು ರೀಮರ್‌ನಿಂದ ಹಿರಿದು ಮಾಡಿ ಸ್ಲೀವ್ ಹಾಕೋ ಕಿಟ್ ಸಾನ್ಯಾಕ್ಸ್‌ನವರದ್ದು ಬರುತ್ತೆ, ಇಲ್ಲವಾದರೆ ರಿಪೇರಿ ಮಾಡಿದ ವಾಲ್ವ್ ಬಾಡಿಯನ್ನೇ ಹಾಕಬಹುದು. ಅದು ಸರಿಹೋಗದೆ ಹೊಸ ಕನ್ವರ್ಟರ್ ಹಾಕಿದರೆ ಅದರ ಲಾಕಪ್ ಕ್ಲಚ್ಚಿನ ಲೈನಿಂಗನ್ನೂ ಇದೇ ತಿಂದುಹಾಕುತ್ತೆ. ನೀವು ಕೊಳ್ಳೋ ಲೈನಿಂಗ್ ಈ ಜಾರಾಟ ತಡೆಯುತ್ತಾ ಅಂತಾನೂ ಕಟ್ಟೋರನ್ನು ಕೇಳಿ.

ಬಳಸಿದ್ದು ಬೇಡ. ಕನ್ವರ್ಟರ್ ಅಂದರೆ ಸುತ್ತ ವೆಲ್ಡ್ ಮಾಡಿದ ಡಬ್ಬ. ಕೊಯ್ದು ನೋಡದ ಹೊರತು ಲೈನಿಂಗ್ ಎಷ್ಟು ಉಳಿದಿದೆ ಅಂತ ಗೊತ್ತಾಗಲ್ಲ, ಹಳೇ ಗೇರ್‌ಬಾಕ್ಸಿನ ಲೋಹದ ಪುಡಿ ಒಳಗಿದ್ದರೆ ತೊಳೆದೂ ಹೋಗಲ್ಲ. ಅರ್ಧ ಬೆಲೆಗೆ ಬೇರೆಯವರ ಕಸ ನಿಮ್ಮ ಪಂಪಿಗೆ ಬರುತ್ತೆ.

ಕೂರಿಸೋವಾಗ ಅವಸರ ಮಾಡಬೇಡಿ. ಒಳಗೆ ಒಂದು ಕ್ವಾರ್ಟ್ ಡೆಕ್ಸ್‌ರಾನ್ 6 ಎಣ್ಣೆ ಸುರಿದು, ತಿರುಗಿಸ್ತಾ ಒತ್ತಿ. ಇನ್‌ಪುಟ್ ಶಾಫ್ಟ್, ಸ್ಟೇಟರ್, ಪಂಪ್, ಮೂರಕ್ಕೂ ಒಂದೊಂದು ಸಲ ಟಕ್ ಅಂತ ಒಳಗೆ ಇಳಿಯಬೇಕು. ಎರಡೇ ಸಲ ಇಳಿದು ನಿಂತಿದ್ದನ್ನು ಬೋಲ್ಟ್ ಬಿಗಿಸಿ ಎಳೆದುಕೊಂಡರೆ ಸ್ಟಾರ್ಟ್ ಮಾಡೋ ಮುಂಚೆಯೇ ಪಂಪ್ ಮುರಿದಿರುತ್ತೆ. ಬೆಲ್‌ಹೌಸಿಂಗ್ (ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಚಿಪ್ಪು) ಎಂಜಿನ್‌ಗೆ ಪೂರ್ತಿ ಕೂತ ಮೇಲೂ ಕನ್ವರ್ಟರ್ ಕೈಯಲ್ಲೇ ಸಲೀಸಾಗಿ ತಿರುಗಬೇಕು. ಈಗ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಫ್ಲೆಕ್ಸ್‌ಪ್ಲೇಟ್‌ಗೂ (ಎಂಜಿನ್ ಹಿಂದೆ ತಿರುಗೋ ತಟ್ಟೆ) ಕನ್ವರ್ಟರ್ ಪ್ಯಾಡ್‌ಗೂ ನಡುವಿನ ಸಂದಿ ಅಳೆಯಿರಿ: 1/8ರಿಂದ 3/16 ಇಂಚು, ಅಂದರೆ ಮೂರರಿಂದ ಐದು ಮಿಲಿಮೀಟರ್. ಜಾಸ್ತಿ ಇದ್ದರೆ ಮೂರೂ ಬೋಲ್ಟಿಗೆ ಒಂದೇ ದಪ್ಪದ ವಾಷರ್ ಕೊಡಿ. ಸಂದಿಯೇ ಇಲ್ಲ ಅಂದರೆ ಏನೋ ತಪ್ಪಿದೆ, ಇಳಿಸಿ ಮತ್ತೆ ನೋಡಿ.

ಬೋಲ್ಟ್ ಉದ್ದ ಮರೀಬೇಡಿ. ಜಾಸ್ತಿ ಉದ್ದದ ಬೋಲ್ಟ್ ಕನ್ವರ್ಟರಿನ ಮುಂದಿನ ತಗಡನ್ನು ಒಳಕ್ಕೆ ಉಬ್ಬಿಸುತ್ತೆ, ಲಾಕಪ್ ಕ್ಲಚ್ ಹಿಡಿಯೋದು ಅದೇ ತಗಡಿನ ಒಳಮೈಗೆ. ಆಮೇಲೆ ಲಾಕ್ ಆದಾಗಲೆಲ್ಲ ನಡುಕ ಬರುತ್ತೆ, ಕಾರಣ ಯಾರಿಗೂ ಹೊಳೆಯಲ್ಲ.

ಎಣ್ಣೆ ತುಂಬೋವಾಗ ಕಂಪನಿ ಪುಸ್ತಕದ ಅಳತೆ ನಂಬಬೇಡಿ, ಚಿಕ್ಕ ಕನ್ವರ್ಟರ್ ಅಷ್ಟು ಕುಡಿಯಲ್ಲ. ಮೊದಲು ಐದು ಕ್ವಾರ್ಟ್ ಹಾಕಿ ಸ್ಟಾರ್ಟ್ ಮಾಡಿ, ಬ್ರೇಕ್ ಹಿಡಿದು ಎಲ್ಲಾ ಗೇರಿಗೂ ಒಂದು ಸುತ್ತು ಹಾಕಿ, ಆಮೇಲೆ ಅರ್ಧರ್ಧ ಕ್ವಾರ್ಟ್. ಕೊನೇ ಅಳತೆ ಎಣ್ಣೆ ಬಿಸಿಯಾದ ಮೇಲೆ, ಪಾರ್ಕ್‌ನಲ್ಲಿ ಎಂಜಿನ್ ಓಡ್ತಾ ಇರೋವಾಗಲೇ ಡಿಪ್‌ಸ್ಟಿಕ್ ಎಳೆದು ನೋಡಿ.