12 ಪೌಂಡ್ ಟರ್ಕಿಗೆ ಉಪ್ಪು, ಮಸಾಲೆ: ಎಷ್ಟು, ಯಾವಾಗ, ಎಲ್ಲಿ ಹಚ್ಚಬೇಕು?

ಪ್ರಶ್ನೆ: ಈ ಸಲ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ನಮ್ಮ ಮನೆಯಲ್ಲಿ. ಹತ್ತು ಜನಕ್ಕೆ 12 ಪೌಂಡಿನ ಫ್ರೋಜನ್ ಟರ್ಕಿ ತಂದಾಗಿದೆ. ಅರ್ಧ ಜನ ಅಮೆರಿಕನ್ನರು, ಅರ್ಧ ನಮ್ಮವರು. ಮೆಣಸು, ಬೆಣ್ಣೆ ಹಚ್ಚಿದ ಸಪ್ಪೆ ಟರ್ಕಿ ನಮ್ಮವರಿಗೆ ಇಳಿಯುವುದಿಲ್ಲ, ತೀರಾ ಖಾರವಾದರೆ ಅವರಿಗೆ ಆಗುವುದಿಲ್ಲ. ಕೋಳಿಗೆ ಮಾಡುವ ಹಾಗೆ ಹಿಂದಿನ ರಾತ್ರಿ ಮೊಸರು, ಶುಂಠಿ-ಬೆಳ್ಳುಳ್ಳಿ, ಖಾರದಪುಡಿ ಹಚ್ಚಿಟ್ಟರೆ ಸಾಕೇ? ಮಾಡಿ ಗೊತ್ತಿರುವವರು ಅಳತೆ ಸಮೇತ ಹೇಳಿ.

ನ್ಯೂಜೆರ್ಸಿಯಿಂದ:
ಮೊಸರಿನ ಯೋಚನೆ ಬಿಡಿ. ಮಾಂಸದ ಒಳಗೆ ಇಳಿಯುವುದು ಉಪ್ಪು ಒಂದೇ. ಬೆಳ್ಳುಳ್ಳಿ, ಖಾರ, ಗರಂ ಮಸಾಲೆ ಎಷ್ಟು ಹೊತ್ತು ಇಟ್ಟರೂ ಮೇಲಿನ ಕೆಲವು ಮಿಲಿಮೀಟರ್ ದಾಟುವುದಿಲ್ಲ. ತುಂಡು ಮಾಡಿದ ಕೋಳಿಗೆ ಅದು ಸಾಕಾಗುತ್ತದೆ, ಎರಡು ಇಂಚು ದಪ್ಪದ ಟರ್ಕಿ ಎದೆಗೆ ಸಾಲದು. ಹಾಗಾಗಿ ಉಪ್ಪಿನ ಕೆಲಸ ಬೇರೆ, ಮಸಾಲೆಯ ಕೆಲಸ ಬೇರೆ ಅಂತ ಇಟ್ಟುಕೊಳ್ಳಿ.

ಉಪ್ಪು ಒಂದು ಕಿಲೋಗೆ 6ರಿಂದ 7 ಗ್ರಾಂ. 12 ಪೌಂಡ್ ಅಂದರೆ 5.4 ಕಿಲೋ, ಸುಮಾರು 36 ಗ್ರಾಂ ಆಯಿತು. ತಕ್ಕಡಿ ಇದ್ದರೆ ತೂಗಿಯೇ ಹಾಕಿ. ಚಮಚದ ಲೆಕ್ಕದಲ್ಲಿ ಎಡವಟ್ಟಾಗುವುದು ಉಪ್ಪಿನ ಜಾತಿಯಿಂದ: ಡೈಮಂಡ್ ಕ್ರಿಸ್ಟಲ್ ಬ್ರಾಂಡಿನ ಕೋಷರ್ (ದಪ್ಪ ಹರಳಿನ) ಉಪ್ಪಾದರೆ 4 ಟೇಬಲ್ ಚಮಚ, ಮಾರ್ಟನ್ ಕೋಷರ್ ಆದರೆ ಎರಡೂವರೆ, ಮನೆಯ ಪುಡಿ ಉಪ್ಪಾದರೆ ಎರಡೇ. ಒಂದರ ಅಳತೆ ಓದಿ ಇನ್ನೊಂದು ಹಾಕಿದರೆ ದುಪ್ಪಟ್ಟು ಉಪ್ಪು.

ಮಂಗಳವಾರ ಸಂಜೆ ಹಚ್ಚಿ. ಅರ್ಧ ಉಪ್ಪು ಎದೆಗೆ, ಉಳಿದದ್ದು ತೊಡೆ, ಕಾಲು ಮತ್ತು ಹೊಟ್ಟೆಯ ಒಳಭಾಗಕ್ಕೆ. ಎದೆಗೆ ಹಚ್ಚುವುದನ್ನು ಆದಷ್ಟು ಚರ್ಮದ ಅಡಿಯಲ್ಲಿ ಹಚ್ಚಿ. ತಂತಿ ಜಾಲರಿಯ ಮೇಲಿಟ್ಟು, ಏನೂ ಮುಚ್ಚದೆ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿಡಿ. ಮೊದಲು ನೀರು ಬಿಡುತ್ತದೆ, ಆಮೇಲೆ ಅದೇ ಉಪ್ಪುನೀರನ್ನು ಮಾಂಸ ಮತ್ತೆ ಹೀರಿಕೊಳ್ಳುತ್ತದೆ. ಗುರುವಾರದ ಹೊತ್ತಿಗೆ ಚರ್ಮ ಒಣಗಿ ಕಾಗದದಂತೆ ಬಿಗಿಯಾಗಿರಬೇಕು. ಹಾಗಿದ್ದರೆ ಮಾತ್ರ ಗರಿಗರಿ.

ಡಲ್ಲಾಸ್‌ನಿಂದ:
ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕೂ ಮೊದಲು ಲೇಬಲ್ ಓದಿ. ಅಂಗಡಿಯ ಫ್ರೋಜನ್ ಟರ್ಕಿಯಲ್ಲಿ ಬಹಳಷ್ಟಕ್ಕೆ ಉಪ್ಪುನೀರು ಚುಚ್ಚಿಯೇ ಮಾರುತ್ತಾರೆ. ಸಣ್ಣ ಅಕ್ಷರದಲ್ಲಿ ಶೇಕಡಾ ಇಷ್ಟು ದ್ರಾವಣ ಸೇರಿಸಲಾಗಿದೆ ಅಂತ ಇರುತ್ತದೆ. ‘ಕೋಷರ್’ (ಯಹೂದಿ ಆಹಾರ ನಿಯಮದ್ದು) ಅಂತ ಬರೆದ ಹಕ್ಕಿಗೂ ಮೊದಲೇ ಉಪ್ಪು ಹಚ್ಚಿರುತ್ತಾರೆ.

ಇನ್ನೊಂದು, ಕರಗಿಸುವ ಲೆಕ್ಕ. ಫ್ರಿಜ್ಜಿನಲ್ಲಿ ಪ್ರತಿ 4-5 ಪೌಂಡಿಗೆ ಒಂದು ದಿನ ಬೇಕು, ನಿಮ್ಮದಕ್ಕೆ ಪೂರ್ತಿ ಮೂರು ದಿನ. ಮಂಗಳವಾರ ಉಪ್ಪು ಹಚ್ಚಬೇಕಾದರೆ ಶನಿವಾರವೇ ಫ್ರೀಜರ್‌ನಿಂದ ಇಳಿಸಿ. ತಡವಾದರೆ ಕವರ್ ಬಿಚ್ಚದೆ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಪೌಂಡಿಗೆ ಅರ್ಧ ಗಂಟೆಯಂತೆ ಆರು ಗಂಟೆ ಹಿಡಿಯುತ್ತದೆ. ಕಟ್ಟೆಯ ಮೇಲೆ ರಾತ್ರಿಯಿಡೀ ಬಿಡುವುದು ಬೇಡವೇ ಬೇಡ. ಹೊಟ್ಟೆಯೊಳಗೆ, ಕುತ್ತಿಗೆಯ ಕಡೆಯ ಪೊಳ್ಳಿನಲ್ಲಿ ಕೈ ಹಾಕಿ ನೋಡಿ: ಕುತ್ತಿಗೆ, ಗುಂಡಿಗೆ, ಈಲಿ (ಲಿವರ್) ಇರುವ ಪೊಟ್ಟಣ ಸಿಗುತ್ತದೆ.

ಅರಿಶಿನದ ನೀರಿನಲ್ಲಿ, ನಿಂಬೆಹಣ್ಣಿನಲ್ಲಿ ತೊಳೆಯುವ ನಮ್ಮ ಅಭ್ಯಾಸವನ್ನೂ ಇಲ್ಲಿ ಬಿಡಿ. ಇಷ್ಟು ದೊಡ್ಡ ಹಕ್ಕಿಯನ್ನು ಸಿಂಕಿನಲ್ಲಿ ತೊಳೆದರೆ ಹಸಿ ಮಾಂಸದ ನೀರು ಅಡುಗೆಮನೆ ತುಂಬ ಸಿಡಿಯುತ್ತದೆ, ಚರ್ಮವೂ ನೆನೆಯುತ್ತದೆ. ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸಿ, ಅಷ್ಟೇ.

ಕೇಳಿದವರು:
ಲೇಬಲ್ ನೋಡಿದೆ. 8% ದ್ರಾವಣ ಅಂತಿದೆ! ಹಾಗಾದರೆ ಉಪ್ಪು ಹಚ್ಚಲೇಬಾರದೇ? ಘೀ ರೋಸ್ಟ್ ಮಸಾಲೆ ಹಚ್ಚಿದರೆ ಹೇಗೆ?

ನ್ಯೂಜೆರ್ಸಿಯಿಂದ:
ಅರ್ಧಕ್ಕೆ ಇಳಿಸಿ, 18 ಗ್ರಾಂ ಸಾಕು. ಅದೂ ತೊಡೆ, ಕಾಲಿಗೆ ಹೆಚ್ಚು, ಎದೆಗೆ ಕಡಿಮೆ. ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸುವ ಪದ್ಧತಿ ಇಂಥ ಹಕ್ಕಿಗೆ ಖಂಡಿತ ಬೇಡ. ಮುಚ್ಚದೆ ಒಣಗಿಸುವುದನ್ನು ಮಾತ್ರ ಬಿಡಬೇಡಿ.

ಬೇ ಏರಿಯಾದಿಂದ, ಮೂಲ ಕುಂದಾಪುರ:
ಘೀ ರೋಸ್ಟ್ ಮಸಾಲೆ ಟರ್ಕಿಗೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಟರ್ಕಿ ಎದೆಯಲ್ಲಿ ಕೊಬ್ಬೇ ಇಲ್ಲ. ಆದರೆ ಬಾಣಲೆಯಲ್ಲಿ ಮಾಡುವ ಕ್ರಮವನ್ನು ಹಾಗೇ ತಂದರೆ ಕೆಡುತ್ತದೆ.

12 ಪೌಂಡಿಗೆ: ಬ್ಯಾಡಗಿ ಮೆಣಸಿನಕಾಯಿ 12 (ಬೀಜ ತೆಗೆದು), ಕೊತ್ತಂಬರಿ ಬೀಜ 2 ಟೇಬಲ್ ಚಮಚ, ಜೀರಿಗೆ 1 ಟೀ ಚಮಚ, ಕಾಳುಮೆಣಸು 1 ಟೀ ಚಮಚ, ಮೆಂತ್ಯ ಕಾಲು ಟೀ ಚಮಚ, ಬೆಳ್ಳುಳ್ಳಿ 8 ಎಸಳು, ಸಣ್ಣ ಗೋಲಿಯಷ್ಟು ಹುಣಸೆಹಣ್ಣು. ಹುರಿದು, ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ. ಉಪ್ಪು ಹಾಕಬೇಡಿ, ಅದು ಈಗಾಗಲೇ ಮಾಂಸದಲ್ಲಿದೆ.

ಮುಖ್ಯವಾದದ್ದು ಇಲ್ಲಿದೆ. ಚರ್ಮದ ಅಡಿ ಹೋದ ಮಸಾಲೆ ಹುರಿಯುವುದಿಲ್ಲ, ಹಬೆಯಲ್ಲಿ ಬೇಯುತ್ತದೆ. ಹಸಿಯಾಗಿ ತುಂಬಿದರೆ ಮೂರು ಗಂಟೆ ಓವನ್‌ನಲ್ಲಿದ್ದರೂ ಬೆಳ್ಳುಳ್ಳಿಯ ಹಸಿವಾಸನೆ ಉಳಿಯುತ್ತದೆ. ಅದಕ್ಕೇ 100 ಗ್ರಾಂ ತುಪ್ಪದಲ್ಲಿ ಸಣ್ಣ ಉರಿಯಲ್ಲಿ, ತುಪ್ಪ ಅಂಚಿನಲ್ಲಿ ಬಿಡುವ ತನಕ ಬಾಡಿಸಿ, ಪೂರ್ತಿ ಆರಿಸಿ. ಅಮೆರಿಕನ್ ಅತಿಥಿಗಳಿಗೆ ಖಾರ ಹೆಚ್ಚಾಯಿತು ಅನಿಸಿದರೆ ಒಂದು ಬದಿಯ ಎದೆಗೆ ಇದು, ಇನ್ನೊಂದು ಬದಿಗೆ ಬೆಣ್ಣೆ, ಸೇಜ್, ಥೈಮ್ ಸೊಪ್ಪು. ನಡುವೆ ಎದೆಮೂಳೆಯ ಗುಂಟ ಚರ್ಮ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸದಿದ್ದರೆ ಎರಡೂ ಬೆರೆಯುವುದಿಲ್ಲ.

ಗುರುವಾರ ಓವನ್‌ಗೆ ಇಡುವ ಮುಂಚೆ ತುಂಬಿ. ಬೆರಳುಗಳನ್ನು ಕುತ್ತಿಗೆಯ ಕಡೆಯಿಂದ ಮೆಲ್ಲಗೆ ತೂರಿಸಿ ಚರ್ಮ ಸಡಿಲಿಸಿ, ಉಂಗುರ ತೆಗೆದಿಡಿ. ತಣ್ಣಗಿನ ಮಾಂಸ ತಾಗಿದ ಕೂಡಲೇ ತುಪ್ಪ ಗಟ್ಟಿಯಾಗಿ ಉಂಡೆಗಟ್ಟುತ್ತದೆ. ಒಳಗೇ ಸವರಲು ಹೋಗಬೇಡಿ, ಚರ್ಮ ಹರಿಯುತ್ತದೆ. ಉಂಡೆಯನ್ನು ಒಳಗೆ ಬಿಟ್ಟು, ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತ ತೊಡೆಯ ತನಕ ತಳ್ಳಿ. ಚರ್ಮದ ಮೇಲೆ ಬರೀ ತುಪ್ಪ, ಮಸಾಲೆ ಬೇಡ: ಖಾರದಪುಡಿ, ಬೆಳ್ಳುಳ್ಳಿ ಮೇಲೆ ಇದ್ದರೆ ಕಪ್ಪಾಗಿ ಕಹಿಯಾಗುತ್ತವೆ. ಬೆಲ್ಲ ಹಾಕುವವರು ಕೊನೆಯ ಹತ್ತು ನಿಮಿಷಕ್ಕೆ ತುಪ್ಪದಲ್ಲಿ ಕರಗಿಸಿ ಸವರಿ.

ಷಿಕಾಗೋದಿಂದ:
ಮೊಸರಿನ ಪರವಾಗಿ ಒಂದು ಮಾತು. ಇಡೀ ಹಕ್ಕಿ ಮೇಜಿನ ಮೇಲೆ ಕೂರಲೇಬೇಕು ಅಂತಿಲ್ಲದಿದ್ದರೆ ತೊಡೆ, ಕಾಲು ಬೇರೆ ಮಾಡಿಸಿ, ಚರ್ಮ ಸುಲಿದು, ಆಳವಾಗಿ ಕೊಯ್ದು, ಗಟ್ಟಿ ಮೊಸರಿನ ಮಸಾಲೆ ಹಚ್ಚಿ ಒಂದು ರಾತ್ರಿ ಇಡಬಹುದು. ಅದು ಬೇರೆಯೇ ಖಾದ್ಯ, ಒಳ್ಳೆಯ ಖಾದ್ಯ. ಚರ್ಮವಿರುವ ಇಡೀ ಟರ್ಕಿಗೆ ಮೊಸರು ಹಚ್ಚಿದರೆ ಮಾತ್ರ ನೀರೊಡೆದು ಚರ್ಮ ರಬ್ಬರಾಗುತ್ತದೆ. ಪಪ್ಪಾಯಿಕಾಯಿ ಎರಡಕ್ಕೂ ಬೇಡ, ಮೇಲ್ಭಾಗ ಹಿಟ್ಟಾಗುತ್ತದೆ.

ಡಲ್ಲಾಸ್‌ನಿಂದ:
ಮಸಾಲೆ ಹೇಗೇ ಇರಲಿ, ಎದೆ ಒಣಗಿದರೆ ಎಲ್ಲ ವ್ಯರ್ಥ. ಓವನ್ 325 ಡಿಗ್ರಿ ಫ್ಯಾರನ್‌ಹೀಟ್, ಹೊಟ್ಟೆ ತುಂಬಿಸದ 12 ಪೌಂಡಿಗೆ ಹತ್ತಿರ ಹತ್ತಿರ ಮೂರು ಗಂಟೆ. ಬೆನ್ನುಮೂಳೆ ಕತ್ತರಿಸಿ ಚಪ್ಪಟೆ ಮಾಡಿದರೆ 425ರಲ್ಲಿ ಒಂದೂವರೆ ಗಂಟೆಯ ಆಸುಪಾಸು, ಎದೆ-ತೊಡೆ ಒಟ್ಟಿಗೆ ಬೇಯುತ್ತವೆ. ನನ್ನನ್ನು ಕೇಳಿದರೆ ಎರಡನೆಯದೇ ಉತ್ತಮ. ಆದರೆ ಆ ಉರಿಗೆ ತಟ್ಟೆಗೆ ಬಿದ್ದ ತುಪ್ಪ ಹೊತ್ತಿ ಹೊಗೆಯಾಗಿ ಅಲಾರಂ ಕೂಗುತ್ತದೆ. ತಟ್ಟೆಯಲ್ಲಿ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಎರಡು ಕಪ್ ನೀರು ಇರಲಿ, ಬತ್ತಿದಂತೆ ಸೇರಿಸಿ.

ಬೆಂದಿತೇ ಅನ್ನುವುದಕ್ಕೆ ಥರ್ಮಾಮೀಟರ್ ಬಿಟ್ಟು ಬೇರೇನನ್ನೂ ನಂಬಬೇಡಿ. ಬ್ಯಾಡಗಿ ಹಚ್ಚಿದ ಮೇಲೆ ರಸ ಕೆಂಪಾಗಿಯೇ ಇರುತ್ತದೆ, ಬಣ್ಣ ನೋಡಿ ಹೇಳಲಾಗದು. ಬೆಂದಿತು ಅಂತ ತೋರಿಸಲು ಕೆಲವು ಟರ್ಕಿಯ ಎದೆಗೆ ಚುಚ್ಚಿ ಕೊಡುವ ಪ್ಲಾಸ್ಟಿಕ್ ಗುಂಡಿ ಮೇಲೇಳುವ ಹೊತ್ತಿಗೆ ಎದೆ ಸಾಮಾನ್ಯವಾಗಿ ಒಣಗಿರುತ್ತದೆ. ಎದೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ 165, ತೊಡೆಯಲ್ಲಿ 175. ಎದೆ 160 ಮುಟ್ಟಿದಾಗ ಹೊರತೆಗೆದರೆ ಉಳಿದ ಶಾಖಕ್ಕೆ ಏರುತ್ತದೆ, 165 ತಲುಪಿತೇ ಅಂತ ಇನ್ನೊಮ್ಮೆ ಚುಚ್ಚಿ ನೋಡಿ. ಅರ್ಧ ಗಂಟೆ ಬಿಟ್ಟು ಕೊಯ್ಯಿರಿ. ಫಾಯಿಲ್ ಬಿಗಿಯಾಗಿ ಮುಚ್ಚಿದರೆ ಹಬೆಗೆ ಚರ್ಮ ಮೆತ್ತಗಾಗುತ್ತದೆ.

ಕೇಳಿದವರು:
ತಟ್ಟೆಯ ರಸದಲ್ಲಿ ಗ್ರೇವಿ ಮಾಡಬಹುದೇ? ಉಪ್ಪಾಗುವುದಿಲ್ಲವೇ?

ಬೇ ಏರಿಯಾದಿಂದ:
ಆಗಬಹುದು, ಅದಕ್ಕೇ ಮಿಕ್ಕಿದ್ದೆಲ್ಲ ಉಪ್ಪಿಲ್ಲದ್ದಾಗಿರಲಿ. ಬುಧವಾರವೇ ಕುತ್ತಿಗೆ, ಗುಂಡಿಗೆ, ಬೆನ್ನುಮೂಳೆ ಇದ್ದರೆ ಅದನ್ನೂ ಹಾಕಿ, ಉಪ್ಪಿಲ್ಲದೆ ಎರಡು ಗಂಟೆ ಕುದಿಸಿ ಸಾರು ತೆಗೆದಿಡಿ. ಈಲಿ ಹಾಕಿದರೆ ಕಹಿ. ತಟ್ಟೆಯ ಕೊಬ್ಬಿನಲ್ಲಿ 4 ಟೇಬಲ್ ಚಮಚ ತೆಗೆದು ಅಷ್ಟೇ ಮೈದಾ ಹಾಕಿ ಕಂದು ಬರುವ ತನಕ ಹುರಿದು, 4 ಕಪ್ ಬಿಸಿ ಸಾರನ್ನು ಸ್ವಲ್ಪ ಸ್ವಲ್ಪವಾಗಿ ಗಂಟಾಗದಂತೆ ಸೇರಿಸಿ. ತಟ್ಟೆಯ ರಸವನ್ನು ಕೊನೆಗೆ, ರುಚಿ ನೋಡುತ್ತ ಚಮಚ ಚಮಚವಾಗಿ ಹಾಕಿ.

ಗ್ರೇವಿಯನ್ನು ಎರಡು ಪಾತ್ರೆಗೆ ಹಂಚಿ. ಒಂದು ಹಾಗೇ ಇರಲಿ. ಇನ್ನೊಂದಕ್ಕೆ ಉಳಿದ ಘೀ ರೋಸ್ಟ್ ಮಸಾಲೆ ಎರಡು ಚಮಚ, ತುಪ್ಪದಲ್ಲಿ ಕರಿಬೇವಿನ ಒಗ್ಗರಣೆ. ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಮನೆಯಲ್ಲಿದ್ದರೆ ಅರ್ಧ ಟೀ ಚಮಚ ಸಾಕು, ಹೆಚ್ಚಾದರೆ ಅದೊಂದೇ ಮೂಗಿಗೆ ಹೊಡೆಯುತ್ತದೆ. ನಮ್ಮವರಿಗೆ ಬೇಕಾದ ಖಾರ ಇಲ್ಲಿ ಸಿಗುತ್ತದೆ, ಎದೆಯ ಮಧ್ಯದ ಬಿಳಿ ತುಂಡಿಗೂ ಮಸಾಲೆ ತಲುಪುವುದು ಹೀಗೆಯೇ.

ಷಿಕಾಗೋದಿಂದ:
ಉಳಿದದ್ದನ್ನು ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ, ಅಗಲ ಡಬ್ಬಿಗೆ ಹಾಕಿ ಫ್ರಿಜ್ಜಿಗಿಡಿ. ನಾಲ್ಕು ದಿನದೊಳಗೆ ಮುಗಿಸಬೇಕು. ಬಿರಿಯಾನಿಗೆ ಹಾಕುವುದಾದರೆ ದಮ್ಮಿನ ಕೊನೆಯ ಹತ್ತು ನಿಮಿಷಕ್ಕೆ ಮಾತ್ರ, ಇಲ್ಲದಿದ್ದರೆ ಎದೆಯ ಮಾಂಸ ನಾರುನಾರಾಗುತ್ತದೆ.