ಅಪ್‌ಡೇಟ್: ಆನ್‌ಲೈನ್ ಕನ್ನಡ ತರಗತಿಯ ಚರ್ಚೆ ಈಗ ಹೇಗಿದೆ?

ಮುಂಬೈ ಬಳಿಯ ಡೊಂಬಿವಲಿಯಿಂದ ನಡೆಸುವ ಆನ್‌ಲೈನ್ ಕನ್ನಡ ತರಗತಿಯಲ್ಲಿ ಮಕ್ಕಳು ‘ನಾನೂ ಒಪ್ಪುತ್ತೇನೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆ. ನಿಮ್ಮ ಕೆಲವು ಸಲಹೆಗಳು ಫಲ ಕೊಟ್ಟಿವೆ.

ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಪ್ರಶ್ನೆಯನ್ನೇ ಬದಲಿಸಿದ್ದು. ‘ಮಳೆಗಾಲದ ಬಗ್ಗೆ ಅಭಿಪ್ರಾಯ ತಿಳಿಸಿ’ ಎನ್ನುವುದನ್ನು ಬಿಟ್ಟು, ‘ಮಳೆಗೆ ಲೋಕಲ್ ರೈಲು ನಿಂತ ದಿನ ಶಾಲೆಗೆ ಹೋಗಬೇಕೇ ಎಂದು ಯಾರು ತೀರ್ಮಾನಿಸಬೇಕು?’ ಎಂದು ಕೇಳಿದೆ. ಇಲ್ಲಿ ಬರೀ ಒಪ್ಪಿಗೆ ಸೂಚಿಸಿ ಜಾರಿಕೊಳ್ಳಲಾಗದು. ಮುಲುಂಡಿನ ಹುಡುಗಿ ‘ಅಪ್ಪ ಅಮ್ಮ’ ಎಂದಳು. ‘ನನ್ನಮ್ಮ ಆರೂವರೆಗೇ ಮುಂಬೈನ ಸಿಎಸ್‌ಎಂಟಿ ನಿಲ್ದಾಣದ ರೈಲು ಹತ್ತಿರುತ್ತಾರೆ, ಅವರನ್ನು ಕೇಳುವುದು ಯಾವಾಗ?’ ಎಂದು ಕಲ್ಯಾಣದ ಹುಡುಗ ತಿರುಗಿಬಿದ್ದ. ನಡುನಡುವೆ ಮರಾಠಿ ನುಸುಳಿತು, ಇರಲಿ ಬಿಡಿ. ವಾದವಂತೂ ನಡೆಯಿತು!

ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ಮುಂದಿಟ್ಟ ಕ್ರಮವನ್ನೂ ಅನುಸರಿಸುತ್ತಿದ್ದೇನೆ: ಮೊದಲು ಒಬ್ಬರೇ ಯೋಚಿಸುವುದು, ಆಮೇಲೆ ಜೋಡಿಯಾಗಿ ಮಾತಾಡುವುದು, ಕೊನೆಗೆ ಎಲ್ಲರ ಮುಂದೆ ಹೇಳುವುದು. ಜೂಮ್ ಕರೆಯನ್ನು ಸಣ್ಣ ಗುಂಪುಗಳಾಗಿ ಒಡೆಯುವ ಪುಟ್ಟ ಕೋಣೆಗಳಲ್ಲಿ ಮೌನಿಗಳೂ ಬಾಯಿಬಿಡುತ್ತಾರೆ. ಪ್ರಶ್ನೆ ಕೇಳಿ ಮೂರು ಸೆಕೆಂಡಾದರೂ ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದ್ದರು. ಪರದೆಯ ಮುಂದೆ ಅಷ್ಟು ಕಾಯುವುದೂ ತಪಸ್ಸೇ.

ಕ್ಯಾಮೆರಾ ಕಡ್ಡಾಯ ಮಾಡಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಿಲ್ಲ. ಒಂದೇ ಕೋಣೆಯಲ್ಲಿ ಅಜ್ಜಿ ಮಲಗಿರುವಾಗ ಮಗು ಕ್ಯಾಮೆರಾ ತೆರೆಯುವುದಾದರೂ ಹೇಗೆ? ಪ್ರತಿಕ್ರಿಯೆಗೆ ಅಂಕ ಕೊಡುವುದೂ ಬೇಡವೆನಿಸಿತು; ಅಂಕಕ್ಕಾಗಿ ಮತ್ತದೇ ಒಪ್ಪಿಗೆಯ ಸಾಲುಗಳು ಬರುತ್ತವೆ.

ಮುಂದಿನ ವಾರ ಚರ್ಚೆ ನಡೆಸುವ ಹೊಣೆಯನ್ನು ಮಕ್ಕಳಿಗೇ ಒಪ್ಪಿಸಲಿದ್ದೇನೆ. ಹಾಗೆ ಮಾಡಿ ನೋಡಿದವರಿದ್ದರೆ ತಿಳಿಸಿ.